ಒಂದೇ ಫ್ರೀಕ್ವೆನ್ಸಿ, ನಾಲ್ಕು ಕನೆಕ್ಷನ್

ಪ್ಯಾಕೆಟ್ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಮೂಲಕ ಕಂಪ್ಯೂಟರಿನ ಬರಹ ಕಳಿಸುವುದು, ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಹಳೇ ಟಿಎನ್‌ಸಿ-2 ಪೆಟ್ಟಿಗೆ. ಕಂಪ್ಯೂಟರಿಗೂ ರೇಡಿಯೋಗೂ ನಡುವೆ ಕೂರುವ ಮೋಡೆಮ್ ಅದು. ಬೆಂಗಳೂರಿನ ಮನೆ ತಾರಸಿ ಮೇಲೆ 2 ಮೀಟರ್ ಬ್ಯಾಂಡಿನ ಆಂಟೆನಾ, ಕೆಳಗೆ ಒಂದು ಎಫ್‌ಎಂ ಸೆಟ್. ಒಬ್ಬ ಗೆಳೆಯ ಕನೆಕ್ಟ್ ಆಗಿರುವಾಗ ಇನ್ನೊಬ್ಬ ಕರೆದರೆ ಅವನಿಗೆ 'ಬ್ಯುಸಿ' ಅಂತ ಬರುತ್ತಿತ್ತು. ಆಂಟೆನಾ, ಕೇಬಲ್ ಎಲ್ಲ ನೋಡಿದೆ. ಕೊನೆಗೆ ಗೊತ್ತಾಯಿತು, ಒಂದೇ ಸಲಕ್ಕೆ ಎಷ್ಟು ಜನ ಕನೆಕ್ಟ್ ಆಗಬಹುದು ಅಂತ ಹೇಳುವ ಯೂಸರ್ಸ್ ಅನ್ನೋ ಸೆಟ್ಟಿಂಗ್ 1ರಲ್ಲೇ ಇತ್ತು. ಅದನ್ನು 4 ಮಾಡಿದೆ. ಕರೆದ ಗೆಳೆಯರೆಲ್ಲ ಒಳಗೆ ಬಂದರು.

ಆಗ ಬೇರೆ ತೊಂದರೆ ಶುರುವಾಯಿತು. ಪ್ರತಿ ಕನೆಕ್ಷನ್ನಿಗೂ ಎ, ಬಿ, ಸಿ, ಡಿ ಅಂತ ಒಂದೊಂದು ಸ್ಟ್ರೀಮ್, ಅಂದರೆ ಮಾತಿನ ಪ್ರತ್ಯೇಕ ಸಾಲು. ನಿಂತ ಗೀಟು (|) ಒತ್ತಿ ಅಕ್ಷರ ಒತ್ತಿದರೆ ಆ ಸ್ಟ್ರೀಮಿಗೆ ಹೋಗುತ್ತೇವೆ. ಅವಸರದಲ್ಲಿ ಒಮ್ಮೆ ಒಬ್ಬರ ಮನೆ ವಿಷಯದ ಉತ್ತರ ಇನ್ನೊಬ್ಬರಿಗೆ ಹೋಯಿತು. ತುಂಬಾ ಬೇಜಾರಾಯಿತು. ಅವತ್ತೇ ಸ್ಟ್ರೀಮ್‌ಕಾಲ್ ಆನ್ ಮಾಡಿದೆ. ಅಕ್ಷರದ ಪಕ್ಕ ಆ ಕಡೆಯವರ ಕಾಲ್‌ಸೈನ್ (ಪ್ರತಿ ಹ್ಯಾಮ್‌ನ ಗುರುತಿನ ಹೆಸರು) ಕೂಡ ಕಾಣುತ್ತದೆ. ಒಂದಕ್ಕಿಂತ ಜಾಸ್ತಿ ಜನರ ಜೊತೆ ಮಾತಾಡುವವರು ಇದನ್ನು ಮೊದಲ ದಿನವೇ ಆನ್ ಮಾಡಿ.

ಪ್ಯಾಕೆಟ್ ರೇಡಿಯೋದ ನಿಯಮಾವಳಿಯಾದ ಎಎಕ್ಸ್.25ರಲ್ಲಿ ಕನೆಕ್ಷನ್ ಬೇರೆ ಬೇರೆ ಅಂತ ಗುರುತಿಸುವುದು ಕಾಲ್‌ಸೈನ್‌ಗಳ ಜೋಡಿಯಿಂದ. ಆ ಕಡೆಯದು, ಈ ಕಡೆಯದು, ಜೊತೆಗೆ ಎಸ್‌ಎಸ್‌ಐಡಿ, ಅಂದರೆ ಕಾಲ್‌ಸೈನ್ ಹಿಂದೆ ಸೇರಿಸುವ 0ಯಿಂದ 15ರವರೆಗಿನ ಸಂಖ್ಯೆ. ಹಾಗಾಗಿ ಅದೇ ಗೆಳೆಯ ನನ್ನ ಜೊತೆ ಎರಡನೇ ಕನೆಕ್ಷನ್ ತೆರೆಯಬೇಕಾದರೆ ಎಸ್‌ಎಸ್‌ಐಡಿ ಬದಲಿಸಲೇಬೇಕು.

ಈಗ ನಾನು ರಾಸ್ಪ್‌ಬೆರಿ ಪೈ ಮೇಲೆ ಡೈರ್ ವುಲ್ಫ್ (ಟಿಎನ್‌ಸಿ ಕೆಲಸ ಮಾಡುವ ಸಾಫ್ಟ್‌ವೇರ್) ಮತ್ತು ಲಿನ್‌ಬಿಪಿಕ್ಯು (ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಓಡಿಸುತ್ತೇನೆ. ಸಾಫ್ಟ್‌ವೇರ್ ಎಷ್ಟು ಜನರನ್ನು ಬೇಕಾದರೂ ಒಳಗೆ ಬಿಡುತ್ತದೆ, ಆದರೆ ಗಾಳಿಯಲ್ಲಿರುವುದು ಒಂದೇ ದಾರಿ. ಸೆಕೆಂಡಿಗೆ 1200 ಬಿಟ್, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. 256 ಬೈಟಿನ ಒಂದು ಫ್ರೇಮ್ (ಒಂದು ಸಲಕ್ಕೆ ಕಟ್ಟಿ ಕಳಿಸುವ ಡೇಟಾ ತುಂಡು) ಹೋಗಲು ಸುಮಾರು 1.8 ಸೆಕೆಂಡ್ ಬೇಕು. ಉತ್ತರಕ್ಕೆ ಕಾಯದೆ ಸಾಲಾಗಿ ಎಷ್ಟು ಫ್ರೇಮ್ ಕಳಿಸಬಹುದು ಅನ್ನುವ ಮ್ಯಾಕ್ಸ್‌ಫ್ರೇಮ್ 7 ಇಟ್ಟರೆ ಒಬ್ಬನೇ 13 ಸೆಕೆಂಡ್ ಚಾನೆಲ್ ಹಿಡಿದು ಕೂರುತ್ತಾನೆ. ಅಷ್ಟರಲ್ಲಿ ಉಳಿದ ಮೂವರ ಫ್ರ್ಯಾಕ್ ಟೈಮರ್, ಅಂದರೆ ಫ್ರೇಮ್ ಸಿಕ್ಕಿತು ಅನ್ನುವ ಉತ್ತರಕ್ಕೆ ಕಾಯುವ ಸಮಯ, ಮುಗಿದಿರುತ್ತದೆ. ಚಾನೆಲ್ ಖಾಲಿಯಾದ ಕೂಡಲೇ ಮೂವರೂ 'ನನ್ನ ಫ್ರೇಮ್ ಸಿಕ್ಕಿತಾ' ಅಂತ ಒಟ್ಟಿಗೆ ಕೇಳುತ್ತಾರೆ. ಎಲ್ಲರದೂ ಡಿಕ್ಕಿ ಹೊಡೆಯುತ್ತದೆ. ಆಮೇಲೆ ರೀಟ್ರೈ ಮೇಲೆ ರೀಟ್ರೈ, ಕೊನೆಗೆ ಕನೆಕ್ಷನ್ನೇ ಬಿದ್ದುಹೋಗುತ್ತದೆ. ಮೊದಮೊದಲು ಇದಕ್ಕೆ ನಾನು ಫ್ರ್ಯಾಕ್ ಇನ್ನೂ ಕಡಿಮೆ ಮಾಡುತ್ತಿದ್ದೆ. ಅದು ಪೂರ್ತಿ ತಪ್ಪು.

ನಾವು ನಾಲ್ವರೂ ಕೂತು ಒಂದೇ ಲೆಕ್ಕಕ್ಕೆ ಬಂದೆವು. ಪ್ಯಾಕ್‌ಲೆನ್ (ಒಂದು ಫ್ರೇಮಿನಲ್ಲಿ ಗರಿಷ್ಠ ಎಷ್ಟು ಬೈಟ್ ಡೇಟಾ) 128, ಮ್ಯಾಕ್ಸ್‌ಫ್ರೇಮ್ 2, ಫ್ರ್ಯಾಕ್ 8 ಸೆಕೆಂಡ್. ಚಾನೆಲ್ ಖಾಲಿ ಇದ್ದಾಗ ಕಳಿಸುವ ಸಾಧ್ಯತೆ ಎಷ್ಟು ಅಂತ ಹೇಳುವ ಪರ್ಸಿಸ್ಟ್ ಅನ್ನು 63ರಲ್ಲೇ ಬಿಟ್ಟೆವು. ಅದಕ್ಕೆ ಒಂದು ಕೂಡಿಸಿ 256ರಿಂದ ಭಾಗಿಸಿದರೆ ನಾಲ್ಕರಲ್ಲಿ ಒಂದು. ಚಾನೆಲ್ ಖಾಲಿ ಕಂಡಾಗ ಪ್ರತಿಯೊಬ್ಬರ ಪೆಟ್ಟಿಗೆಯೂ ನಾಲ್ಕು ಸಲದಲ್ಲಿ ಒಂದು ಸಲ ಮಾತ್ರ ಮಾತಾಡುತ್ತದೆ, ಇಲ್ಲವಾದರೆ 100 ಮಿಲಿಸೆಕೆಂಡ್ ಕಾದು ಮತ್ತೆ ನೋಡುತ್ತದೆ. ನಾಲ್ಕು ಜನಕ್ಕೆ ಸರಿಯಾದ ಪಾಲು, ಅಲ್ವಾ? ಒಬ್ಬ ಮಾತ್ರ ಹಳೇ ಸೆಟ್ಟಿಂಗ್‌ನಲ್ಲಿ ಉಳಿದರೂ ಇದೆಲ್ಲ ಕೆಲಸ ಮಾಡುವುದಿಲ್ಲ.

ಇನ್ನೊಂದು ತೊಂದರೆ ಮಾತ್ರ ಸೆಟ್ಟಿಂಗ್‌ನಿಂದ ಪೂರ್ತಿ ಹೋಗಲಿಲ್ಲ. ರಾಮನಗರದ ಗೆಳೆಯನಿಗೂ ದೊಡ್ಡಬಳ್ಳಾಪುರದ ಗೆಳೆಯನಿಗೂ ನನ್ನ ಸಿಗ್ನಲ್ ಕೇಳುತ್ತದೆ, ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಇಬ್ಬರಿಗೂ ಚಾನೆಲ್ ಖಾಲಿ ಅಂತಲೇ ಅನಿಸುತ್ತದೆ, ಇಬ್ಬರೂ ಕಳಿಸುತ್ತಾರೆ, ನನ್ನಲ್ಲಿ ಬಂದು ಡಿಕ್ಕಿಯಾಗುತ್ತದೆ. ಪರ್ಸಿಸ್ಟ್ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಫ್ರೇಮ್ ಚಿಕ್ಕದಿದ್ದಷ್ಟೂ ಡಿಕ್ಕಿ ಕಡಿಮೆ. ಅದಕ್ಕೆ ಅವರಿಬ್ಬರು ಮಾತ್ರ ಪ್ಯಾಕ್‌ಲೆನ್ 64, ಮ್ಯಾಕ್ಸ್‌ಫ್ರೇಮ್ 1 ಇಟ್ಟುಕೊಂಡಿದ್ದಾರೆ. ಅವರು ದೊಡ್ಡ ಫೈಲ್ ಕಳಿಸುವುದಿದ್ದರೆ ಮೊದಲೇ ಒಂದು ಸಾಲು ಬರೆಯುತ್ತಾರೆ. ಆಗ ನಾನು ಇನ್ನೊಬ್ಬರಿಗೆ ಸ್ವಲ್ಪ ಹೊತ್ತು ಕಾಯಿರಿ ಅನ್ನುತ್ತೇನೆ, ಅವರು ಕಾಯುತ್ತಾರೆ.