ಪಾಸ್‌ವರ್ಡ್ ಸರಿ ಇದೆ, ಹೋಮ್ ಫೋಲ್ಡರ್ ತೆರೆಯುತ್ತಿಲ್ಲ

ಉಬುಂಟುವಿನಲ್ಲಿ (ಇದೊಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ನನ್ನ ಫೈಲುಗಳಿರುವ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಲು, ಅಂದರೆ ಬೇರೆಯವರು ಓದದಂತೆ ಗೂಢಲಿಪಿಗೆ ಬದಲಿಸಲು, ನಾನು ಬಳಸಿದ್ದು ಇಕ್ರಿಪ್ಟ್‌ಎಫ್‌ಎಸ್ ಎಂಬ ಸಾಧನ. ಉಬುಂಟು 18.04 ಆವೃತ್ತಿಯಿಂದ ಇನ್‌ಸ್ಟಾಲರ್‌ನಲ್ಲಿ ಆ ಆಯ್ಕೆ ಇಲ್ಲ. ಹಾಗಾಗಿ ಇನ್ನೊಂದು ಅಡ್ಮಿನ್ ಖಾತೆಯಿಂದ ಇಕ್ರಿಪ್ಟ್‌ಎಫ್‌ಎಸ್-ಮೈಗ್ರೇಟ್-ಹೋಮ್ ಎಂಬ ಕಮಾಂಡ್ ಓಡಿಸಿದೆ. ಈಗಿರುವ ಫೋಲ್ಡರ್‌ನ ಎರಡೂವರೆ ಪಟ್ಟು ಜಾಗ ಖಾಲಿ ಇರಬೇಕು, ಮುಗಿದ ಮೇಲೆ ರೀಬೂಟ್ ಮಾಡುವ ಮೊದಲೇ ಒಮ್ಮೆ ಎನ್‌ಕ್ರಿಪ್ಟ್ ಆದ ಖಾತೆಗೆ ಲಾಗಿನ್ ಆಗಬೇಕು. ಇಷ್ಟು ಸಲೀಸಾಗಿ ಆಯಿತು.

ತಾಪತ್ರಯ ಶುರುವಾಗಿದ್ದು ಎನ್‌ಕ್ರಿಪ್ಟ್ ಆದ ನನ್ನ ಖಾತೆಯ ಪಾಸ್‌ವರ್ಡ್ ಅನ್ನು ಅಡ್ಮಿನ್ ಖಾತೆಯಿಂದ ಬದಲಿಸಿದಾಗ. ಪಾಸ್‌ವರ್ಡ್ ಹೊಡೆದರೆ ಪರದೆ ಒಮ್ಮೆ ಮಿನುಗಿ ಮತ್ತೆ ಲಾಗಿನ್‌ಗೇ ಬರುತ್ತಿತ್ತು. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕನ್ಸೋಲ್‌ಗೆ (ಬರೀ ಅಕ್ಷರಗಳ ಪರದೆಗೆ) ಹೋದೆ. ಅಲ್ಲಿ ಲಾಗಿನ್ ಆಯಿತು, ಆದರೆ ನನ್ನ ಫೈಲುಗಳೇ ಇಲ್ಲ! ಕಾಣಿಸಿದ್ದು ಎರಡೇ: ಒಂದು ರೀಡ್‌ಮಿ, ಇನ್ನೊಂದು 'ಆಕ್ಸೆಸ್ ಯುವರ್ ಪ್ರೈವೇಟ್ ಡೇಟಾ'. ಇವು ಕಂಡರೆ ಫೈಲುಗಳು ಅಳಿಸಿಹೋಗಿವೆ ಅಂತಲ್ಲ, ಫೋಲ್ಡರ್ ಮೌಂಟ್ ಆಗಿಲ್ಲ, ಅಂದರೆ ಬಿಡಿಸಿ ಜೋಡಣೆಯಾಗಿಲ್ಲ, ಅಷ್ಟೆ.

ವಿಷಯ ಏನೆಂದರೆ, ಇಲ್ಲಿ ಎರಡು ಪಾಸ್‌ಫ್ರೇಸ್ (ಪಾಸ್‌ವರ್ಡಿನಂಥ ಗುಟ್ಟಿನ ಪದ) ಇರುತ್ತವೆ. ಫೈಲುಗಳನ್ನು ಬಿಡಿಸುವುದು 32 ಅಕ್ಷರಗಳ ಮೌಂಟ್ ಪಾಸ್‌ಫ್ರೇಸ್. ಅದು ರ್ಯಾಪ್ಡ್-ಪಾಸ್‌ಫ್ರೇಸ್ ಎಂಬ ಫೈಲಿನೊಳಗೆ ಭದ್ರವಾಗಿರುತ್ತದೆ. ನಮ್ಮ ಲಾಗಿನ್ ಪಾಸ್‌ವರ್ಡ್ ತೆರೆಯುವುದು ಆ ಫೈಲನ್ನು ಮಾತ್ರ. ನಾವೇ ಪಾಸ್‌ವರ್ಡ್ ಬದಲಿಸಿದರೆ ಹಳೆಯದು, ಹೊಸದು ಎರಡೂ ಸಿಗುವುದರಿಂದ ಸಿಸ್ಟಮ್ಮೇ ಆ ಫೈಲನ್ನು ಹೊಸದರಿಂದ ಮುಚ್ಚುತ್ತದೆ. ಅಡ್ಮಿನ್ ಬದಲಿಸಿದರೆ ಹಳೆಯದನ್ನು ಯಾರೂ ಕೇಳುವುದೇ ಇಲ್ಲ, ಅಲ್ವಾ? ಫೈಲು ಹಳೆ ಪಾಸ್‌ವರ್ಡಿಗೇ ಅಂಟಿಕೊಂಡಿರುತ್ತದೆ.

ಇಕ್ರಿಪ್ಟ್‌ಎಫ್‌ಎಸ್-ಮೌಂಟ್-ಪ್ರೈವೇಟ್ ಕೊಟ್ಟು ಹಳೆ ಪಾಸ್‌ವರ್ಡ್ ಹೊಡೆದೆ. ಮೈನಸ್ 5 ಎಂಬ ಎರರ್ ಬಂತು. ಅಂದರೆ ಹೊಡೆದದ್ದು ಹೊಂದುತ್ತಿಲ್ಲ. ಪಾಸ್‌ವರ್ಡಿನಲ್ಲಿ ಒಂದು ಚಿಹ್ನೆ ಇತ್ತು. ಕನ್ಸೋಲ್‌ನ ಕೀಬೋರ್ಡ್ ಲೇಔಟ್ ಬೇರೆ ಇರಬಹುದೆಂದು ಆ ಚಿಹ್ನೆಯನ್ನಷ್ಟೇ ಸುಮ್ನೆ ಖಾಲಿ ಸಾಲಿನಲ್ಲಿ ಒತ್ತಿ ನೋಡಿದೆ. ಬಂದದ್ದು ಬೇರೆಯದೇ! ಸರಿಯಾದ ಕೀ ಹುಡುಕಿ ಹೊಡೆದ ಮೇಲೆ ಮೌಂಟ್ ಆಯಿತು. ಆಗಲೂ ಫೋಲ್ಡರಿನಿಂದ ಹೊರಗೆ ಬಂದು ಮತ್ತೆ ಒಳಗೆ ಹೋದರೇನೇ ಫೈಲು ಕಾಣುವುದು. ಆಮೇಲೆ ಇಕ್ರಿಪ್ಟ್‌ಎಫ್‌ಎಸ್-ರೀರ್ಯಾಪ್-ಪಾಸ್‌ಫ್ರೇಸ್‌ಗೆ ಆ ರ್ಯಾಪ್ಡ್ ಫೈಲನ್ನು ತೋರಿಸಿ, ಮೊದಲು ಹಳೆಯದು, ನಂತರ ಹೊಸದು ಕೊಟ್ಟೆ. ಮಾಮೂಲಿ ಲಾಗಿನ್ ಕೆಲಸ ಮಾಡಿತು.

ಹಳೆ ಪಾಸ್‌ವರ್ಡ್ ಮರೆತಿದ್ದರೆ 32 ಅಕ್ಷರದ್ದೇ ಬೇಕು. ಅದೂ ಇಲ್ಲದಿದ್ದರೆ ಅಡ್ಮಿನ್ ಕೂಡ ಏನೂ ಮಾಡಲಾರರು. ಇಕ್ರಿಪ್ಟ್‌ಎಫ್‌ಎಸ್-ಅನ್‌ರ್ಯಾಪ್-ಪಾಸ್‌ಫ್ರೇಸ್ ಓಡಿಸಿ ಅದನ್ನು ಕಾಗದಕ್ಕೆ ಇಳಿಸಿಕೊಂಡೆ. ಅದರಲ್ಲಿ ಇರುವುದು 0ಯಿಂದ 9 ಮತ್ತು ಎ ಇಂದ ಎಫ್ ಮಾತ್ರ. ಹಾಗಾಗಿ ಗುಂಡಗಿರುವುದು ಸೊನ್ನೆಯೇ, 'ಓ' ಅಲ್ಲ.