ಪೇಟೆಗೆ ಹೋದಾಗ ಮಗುವನ್ನು ಕಾರಿನಲ್ಲಿ ಬಿಡದೆ ಕೆಲಸ ಮುಗಿಸುವುದು ಹೇಗೆ?

ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದೆ. ಮೆಡಿಕಲ್ ಶಾಪ್ ರಸ್ತೆಯ ಆ ಬದಿಯಲ್ಲೇ ಇದೆ. ಎಬ್ಬಿಸಿದರೆ ಅಳುತ್ತದೆ, ಎತ್ತಿಕೊಂಡು ಹೋದರೆ ಕೈ ಖಾಲಿ ಇರುವುದಿಲ್ಲ. ಗಾಜು ಸ್ವಲ್ಪ ಇಳಿಸಿ, ಲಾಕ್ ಮಾಡಿ, ಓಡಿ ಹೋಗಿ ಬಂದರೆ ಆಯಿತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಹಾಗೆ ಬಿಡಬಹುದಾ? ಬೇಡ. ಚಿಕ್ಕ ಮಕ್ಕಳ ವಿಷಯದಲ್ಲಿ ಇದಕ್ಕೆ ಬೇರೆ ಉತ್ತರವಿಲ್ಲ. ಆದರೆ ಬೇಡ ಅಂತ ಹೇಳಿ ಸುಮ್ಮನಾದರೆ ಯಾರಿಗೂ ಉಪಯೋಗವಿಲ್ಲ. ಪೇಟೆ ಕೆಲಸ ಆಗಲೇಬೇಕು, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾವಾಗಲೂ ಜನ ಇರುವುದಿಲ್ಲ. ಹಾಗಾಗಿ ಮನೆ ಬಿಡುವುದರಿಂದ ಹಿಡಿದು ಒಂದೊಂದಾಗಿ ನೋಡೋಣ.

ಮೊದಲು ತಂಪಿನ ಮಾತು

"ನಮ್ಮ ಕೊಡಗಿನಲ್ಲಿ ಅಷ್ಟು ಸೆಕೆ ಎಲ್ಲಿದೆ?" ಈ ವಿಷಯ ಎತ್ತಿದರೆ ಕೂಡಲೇ ಬರುವ ಮಾತು ಇದು. ನನ್ನ ಪ್ರಕಾರ ನಮ್ಮ ಮಕ್ಕಳಿಗೆ ದೊಡ್ಡ ಅಪಾಯ ಇರುವುದು ಈ ನಂಬಿಕೆಯಲ್ಲೇ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ, ರಾಯಚೂರಿನ ಸೆಕೆ ನಮಗಿಲ್ಲ, ಅದೆಲ್ಲ ನಿಜ. ಆದರೆ ಕಾರಿನ ಒಳಗೆ ಬಿಸಿ ಏರುವುದು ಮುಖ್ಯವಾಗಿ ಬಿಸಿಲಿನಿಂದ. ಜನವರಿ ಮಧ್ಯಾಹ್ನ ಕಾಫಿ ಹರಡಿದ ಕಣದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಬೀಸುವ ಗಾಳಿ ತಣ್ಣಗಿರುತ್ತದೆ, ಕಾಲು ಮಾತ್ರ ಸುಡುತ್ತದೆ. ಮುಚ್ಚಿದ ಕಾರಿನೊಳಗೂ ಹಾಗೇ. ಗಾಜಿನ ಮೂಲಕ ಬಂದ ಬಿಸಿಲು ಡ್ಯಾಶ್‌ಬೋರ್ಡ್, ಸೀಟನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಅಳೆದು ನೋಡಿ, 2005ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ದಿನಗಳಲ್ಲಿ 22 ಡಿಗ್ರಿಯಷ್ಟು ತಂಪಿನ ದಿನಗಳೂ ಇದ್ದವು. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ 80 ಶೇಕಡಾ ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದೂವರೆ ಇಂಚು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಈ ಲೆಕ್ಕವನ್ನು ನಮ್ಮೂರಿಗೆ ಹಾಕಿ. ಹೊರಗೆ 26 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ ಸುಮಾರು 43. ಮಡಿಕೇರಿಗಿಂತ ತಗ್ಗಿನಲ್ಲಿರುವ ಕುಶಾಲನಗರದಲ್ಲಿ ಸೆಕೆ ಇನ್ನೂ ಜಾಸ್ತಿ. ಅದರ ಮೇಲೆ, ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮೈಬಿಸಿ 40 ಡಿಗ್ರಿ ದಾಟಿದರೆ ಅದು ಹೀಟ್ ಸ್ಟ್ರೋಕ್. 42ರ ಹತ್ತಿರ ಹೋದರೆ ಜೀವ ಉಳಿಯುವುದೇ ಕಷ್ಟ. ಸೀಟ್ ಬೆಲ್ಟ್ ಹಾಕಿಕೊಂಡು ಕೂತ ಎರಡು ವರ್ಷದ ಮಗು ಬೆಲ್ಟ್ ಬಿಚ್ಚಿಕೊಳ್ಳುವುದಿಲ್ಲ, ಸ್ವೆಟರ್ ತೆಗೆಯುವುದಿಲ್ಲ. ನಮ್ಮಲ್ಲಿ ಬೆಳಗ್ಗೆ ಮಂಜಿಗೆ ಹಾಕಿದ ಸ್ವೆಟರ್, ಟೋಪಿ ಹನ್ನೊಂದು ಗಂಟೆಗೂ ಮಗುವಿನ ಮೈಮೇಲೇ ಇರುತ್ತದೆ ಅಲ್ವಾ?

ಹಂತ 1: ಮನೆ ಬಿಡುವ ಮೊದಲು ಕೆಲಸಗಳನ್ನು ಬೇರೆ ಮಾಡಿ

ಎಲ್ಲ ಪೇಟೆ ಕೆಲಸವೂ ಒಂದೇ ಥರ ಅಲ್ಲ. ತರಕಾರಿ, ದಿನಸಿಗೆ ಮಗುವನ್ನು ಎತ್ತಿಕೊಂಡು ಹೋಗಬಹುದು. ಬ್ಯಾಂಕು, ಸೊಸೈಟಿ, ಪಹಣಿ ತೆಗೆಸುವುದು, ಕಾಫಿ ಮಾರಲು ಹೋಗುವುದು ಇವೆಲ್ಲ ಬೇರೆ ಜಾತಿ. ಪಹಣಿಗೆ ಐದು ನಿಮಿಷ ಅಂದುಕೊಂಡು ಹೋಗುತ್ತೇವೆ, ಅಲ್ಲಿ ಸರ್ವರ್ ಇಲ್ಲ ಅನ್ನುತ್ತಾರೆ. ಕಾಫಿ ತೂಕಕ್ಕೆ ನಿಂತರೆ ಮುಂದೆ ನಾಲ್ಕು ಪಿಕಪ್ ಇರುತ್ತವೆ. ಕಾರಿನಲ್ಲಿ ಮಗು ಹೆಚ್ಚು ಹೊತ್ತು ಉಳಿದುಬಿಡುವುದು ಇಂಥ ಕಡೆಯೇ. ಯಾಕೆಂದರೆ ಸರದಿ ಬಿಟ್ಟು ಬರಲು ಮನಸ್ಸು ಬರುವುದಿಲ್ಲ.

ಆದ್ದರಿಂದ ಸಮಯ ನಮ್ಮ ಕೈಯಲ್ಲಿ ಇಲ್ಲದ ಕೆಲಸಗಳಿಗೆ ಮಗುವನ್ನು ಕರೆದುಕೊಂಡು ಹೋಗಬೇಡಿ. ಅಜ್ಜಿ ಹತ್ತಿರವೋ ಪಕ್ಕದ ಮನೆಯಲ್ಲೋ ಬಿಡಿ. ಅದು ಆಗದಿದ್ದರೆ ಇನ್ನೊಬ್ಬರು ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿ. ಅದೂ ಆಗದಿದ್ದರೆ ಕೆಲಸವನ್ನು ಇನ್ನೊಂದು ದಿನಕ್ಕೆ ಹಾಕಿ. ಮದ್ದು, ಗೊಬ್ಬರ, ದಿನಸಿಯಂಥದ್ದಕ್ಕೆ ಅಂಗಡಿಗೆ ಮೊದಲೇ ಫೋನ್ ಮಾಡಿ ಚೀಟಿ ಹೇಳಿಬಿಡಿ. ಗುರುತಿನ ಅಂಗಡಿಯಾದರೆ ಹುಡುಗನ ಕೈಯಲ್ಲಿ ಕಾರಿನವರೆಗೂ ಕಳಿಸುತ್ತಾರೆ. ಕೇಳಲು ಸಂಕೋಚ ಬೇಡ. ಮಡಿಕೇರಿಯ ಶುಕ್ರವಾರದ ಸಂತೆಗಾದರೆ ಬೆಳಗ್ಗೆಯೇ ಹೋಗಿ. ಹೊತ್ತೇರಿದ ಮೇಲೆ ಕಾರಿಗೆ ಜಾಗ ಸಿಗುವುದೇ ದೂರದಲ್ಲಿ.

ಹಂತ 2: ಕಾರು ನಿಲ್ಲಿಸುವ ಕ್ರಮ

ಮೈಸೂರಿನಂಥ ಸಮತಟ್ಟಾದ ಊರಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ನಮ್ಮ ಕಾರುಗಳು ನಿಲ್ಲುವುದು ಏರು ಅಥವಾ ಇಳಿಜಾರಿನಲ್ಲಿ. ಅಪ್ಪ ಇಳಿದ ಕೂಡಲೇ ಮಗು ಮುಂದಿನ ಸೀಟಿಗೆ ಹತ್ತಿ ಸ್ಟೇರಿಂಗ್ ಹಿಡಿಯುತ್ತದೆ. ಗೇರ್ ಲಿವರ್ ಎಳೆಯುತ್ತದೆ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತುತ್ತದೆ. ನ್ಯೂಟ್ರಲ್‌ಗೆ ಬಿದ್ದ ಕಾರು ಉರುಳಲು ಎಂಜಿನ್ ಚಾಲು ಇರಬೇಕಾಗಿಲ್ಲ.

ಮಗು ಜೊತೆಗಿರಲಿ ಬಿಡಲಿ, ಇದನ್ನು ರೂಢಿ ಮಾಡಿಕೊಳ್ಳಿ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಏರಿನಲ್ಲಿ ನಿಂತಿದ್ದರೆ ಫಸ್ಟ್ ಗೇರ್, ಇಳಿಜಾರಿನಲ್ಲಿ ರಿವರ್ಸ್ ಗೇರ್ ಹಾಕಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ಗೆ ಹಾಕಿ. ಒಂದು ಕಡೆ ಬರೆ, ಅಂದರೆ ಗುಡ್ಡದ ಮಣ್ಣಿನ ಗೋಡೆ, ಇನ್ನೊಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ ಬರೆಯ ಬದಿಗೇ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಬರೆಯ ಕಡೆಗೆ ತಿರುಗಿಸಿಡಿ. ಉರುಳಿದರೂ ಬರೆಗೆ ತಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾತ್ರ ಬರೆಯ ಕೆಳಗೆ ನಿಲ್ಲಿಸುವುದೇ ಬೇಡ, 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಜೀಪಿನವರ ಅಭ್ಯಾಸವೂ ಒಳ್ಳೆಯದೇ. ಹೊರಡುವಾಗ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಹಿಂದೆ ಬರುವ ಬೈಕಿನವರನ್ನು ಅದು ಬೀಳಿಸುತ್ತದೆ.

ಎಂಜಿನ್ ಚಾಲು ಇಟ್ಟು, ಎಸಿ ಹಾಕಿ ಮಗುವನ್ನು ಬಿಡುವವರಿದ್ದಾರೆ. ಬಿಸಿಲಿಗೆ ಅದು ಪರಿಹಾರ ಅಂತ ಅನಿಸಬಹುದು. ಆದರೆ ಚಾಲು ಇರುವ ಗಾಡಿಯ ಗೇರ್ ಮಗುವಿನ ಕೈಗೆ ಸಿಕ್ಕ ಹಾಗೆ ಆಗುತ್ತದೆ. ಪವರ್ ವಿಂಡೋ ಕೆಲಸ ಮಾಡುತ್ತಿರುತ್ತದೆ. ಹೊರಗೆ ತಲೆ ಹಾಕಿದ ಮಗು ಮೊಣಕಾಲಿನಲ್ಲಿ ಸ್ವಿಚ್ ಒತ್ತಿಕೊಂಡರೆ ಗಾಜು ಕುತ್ತಿಗೆಗೆ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜುಲೈ ಮಳೆಯಲ್ಲಿ ಹೀಟರ್ ಹಾಕಿ ಬಿಡುವುದಕ್ಕೂ ಇದೇ ಮಾತು.

ಎಸ್ಟೇಟ್ ಗೇಟಿನ ಮುಂದೆ

ಇದು ನಮ್ಮಲ್ಲಿ ದಿನಾ ಆಗುವ ವಿಷಯ, ಆದರೂ ಯಾರೂ ಇದನ್ನು ಮಗುವನ್ನು ಕಾರಿನಲ್ಲಿ ಬಿಡುವುದು ಅಂತ ಲೆಕ್ಕಕ್ಕೆ ಇಡುವುದಿಲ್ಲ. ತೋಟದ ಗೇಟು ಇಳಿಜಾರಿನಲ್ಲಿರುತ್ತದೆ. ಗಾಡಿ ಓಡಿಸುವವರು ಎಂಜಿನ್ ಚಾಲು ಇಟ್ಟು, ಹ್ಯಾಂಡ್ ಬ್ರೇಕ್ ಅರ್ಧ ಎಳೆದು, ಬಾಗಿಲು ತೆರೆದೇ ಇಟ್ಟು ಇಳಿಯುತ್ತಾರೆ. ಗೇಟು ತೆಗೆಯಲು ಗಾಡಿಯ ಮುಂದೆಯೇ ನಿಲ್ಲಬೇಕು. ಅಂದರೆ ಕಾರು ಹೊರಟರೆ ಅಪ್ಪನಿಗೂ ಅಪಾಯ, ಮಗುವಿಗೂ ಅಪಾಯ.

ಇಲ್ಲಿ ಮಗುವನ್ನು ಇಳಿಸಬೇಕು ಅಂತ ನಾನು ಹೇಳುವುದಿಲ್ಲ. ಮಗು ಬೆಲ್ಟಿನಲ್ಲಿ ಕೂತಿರಲಿ. ಎಂಜಿನ್ ಆಫ್ ಮಾಡಿ, ಗೇರ್ ಹಾಕಿ, ಬ್ರೇಕ್ ಎಳೆದು, ಕೀ ಜೇಬಿಗೆ ಹಾಕಿಕೊಂಡು ಇಳಿಯಿರಿ. ಗೇಟು ಹಾಕುವಾಗಲೂ ಅಷ್ಟೇ. ನನ್ನ ಅಳತೆ ಇದು: ನಾಲ್ಕು ಹೆಜ್ಜೆಯಲ್ಲಿ ಬಾಗಿಲಿಗೆ ಕೈ ಸಿಗಬೇಕು, ಮಗುವಿನ ಮುಖ ಕಾಣುತ್ತಲೇ ಇರಬೇಕು. ಪೆಟ್ರೋಲ್ ಬಂಕಿನಲ್ಲಿ ಕಾರಿನ ಪಕ್ಕದಲ್ಲೇ ನಿಂತು ಹಣ ಕೊಡುವುದು ಈ ಅಳತೆಯೊಳಗೆ ಬರುತ್ತದೆ. ಗಾಜಿನ ಬಾಗಿಲಿನ ಅಂಗಡಿಯೊಳಗಿಂದ ಇಣುಕಿ ನೋಡುವುದು ಬರುವುದಿಲ್ಲ.

ಹಂತ 3: ಇಳಿಯುವಾಗ ಹಿಂದಿನ ಬಾಗಿಲು

ಬೇಕಂತ ಬಿಟ್ಟು ಹೋಗುವುದು ಒಂದು, ಮರೆತು ಹೋಗುವುದು ಇನ್ನೊಂದು. ಅಮೆರಿಕದಲ್ಲಿ 1998ರಿಂದ ಈಚೆಗೆ 900ಕ್ಕೂ ಹೆಚ್ಚು ಮಕ್ಕಳು ಕಾರಿನೊಳಗಿನ ಬಿಸಿಗೆ ತೀರಿಕೊಂಡಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನು ದೊಡ್ಡವರು ಮರೆತಿದ್ದರು. ಪ್ರೀತಿ ಇಲ್ಲದ ಅಪ್ಪ ಅಮ್ಮಂದಿರಲ್ಲ ಇವರು. ಸಾಮಾನ್ಯವಾಗಿ ದಿನಚರಿ ಬದಲಾದ ದಿನ ಹೀಗಾಗುತ್ತದೆ. ದಿನಾ ಅಮ್ಮ ನರ್ಸರಿಗೆ ಬಿಡುತ್ತಾಳೆ, ಇವತ್ತು ಅಪ್ಪ ಬಿಡಬೇಕು. ಮಗು ಹಿಂದೆ ನಿದ್ದೆ ಹೋಗಿದೆ, ಸದ್ದಿಲ್ಲ. ಅಪ್ಪನ ಕೈ ಅಭ್ಯಾಸದಂತೆ ಕಾರನ್ನು ನೇರ ಆಫೀಸಿಗೆ ಓಡಿಸಿಬಿಡುತ್ತದೆ.

ಇದಕ್ಕೆ ಬುದ್ಧಿವಾದ ಕೆಲಸ ಮಾಡುವುದಿಲ್ಲ, ಅಭ್ಯಾಸ ಕೆಲಸ ಮಾಡುತ್ತದೆ. ಫೋನು, ಪರ್ಸು, ಆಫೀಸ್ ಬ್ಯಾಗು ಇವುಗಳಲ್ಲಿ ಒಂದನ್ನು ಹಿಂದಿನ ಸೀಟಿನಲ್ಲೇ ಇಡಿ. ಕಾರು ನಿಲ್ಲಿಸಿದಾಗಲೆಲ್ಲ ಹಿಂದಿನ ಬಾಗಿಲು ತೆರೆದು ನೋಡಿಯೇ ಲಾಕ್ ಮಾಡಿ. ಮಗು ಇಲ್ಲದ ದಿನವೂ ಮಾಡಿ. ನರ್ಸರಿಯವರಿಗೆ, ಅಂಗನವಾಡಿಯವರಿಗೆ ಒಂದು ಮಾತು ಹೇಳಿಡಿ: "ಟೀಚರ್, ಹೇಳದೆ ಮಗು ಬರದಿದ್ದರೆ ಕೂಡಲೇ ನನಗೊಂದು ಫೋನ್ ಮಾಡಿ."

ಮಲಗಿದ ಮಗು, ಮದುವೆ ಮನೆ, ಹಾಕಿ ಮೈದಾನ

ಏಪ್ರಿಲ್, ಮೇ ತಿಂಗಳು ನಮ್ಮಲ್ಲಿ ಮದುವೆಗಳ ಕಾಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆಯುವುದೂ ಸಾಮಾನ್ಯವಾಗಿ ಆಗಲೇ. ಕೊಡವ ಸಮಾಜದ ಹಾಲ್‌ನ ಹೊರಗೆ, ಮೈದಾನದ ಸುತ್ತ ಸಾಲು ಸಾಲು ಕಾರು. ಮಧ್ಯಾಹ್ನ ಊಟವಾದ ಮೇಲೆ ಮಗು ತೂಕಡಿಸುತ್ತದೆ. ಒಳಗೆ ವಾಲಗದ ಸದ್ದು. ಕಾರಿನಲ್ಲಿ ಮಲಗಿಸಿ ಬರೋಣ ಅನಿಸುವುದು ಸಹಜ. ಆದರೆ ಬೆಳಗ್ಗೆ ಮರದ ನೆರಳಿನಲ್ಲಿದ್ದ ಕಾರು ಎರಡು ಗಂಟೆಗೆ ಬಿಸಿಲಿನಲ್ಲಿರುತ್ತದೆ. ಮಾತಿಗೆ ಸಿಕ್ಕ ನೆಂಟರು ಬಿಡುವುದಿಲ್ಲ. ಗಂಡ "ಅವಳು ನೋಡಿಕೊಳ್ಳುತ್ತಾಳೆ" ಅಂದುಕೊಂಡಿರುತ್ತಾನೆ, ಹೆಂಡತಿ "ಅವರು ಹೋಗಿ ನೋಡಿರುತ್ತಾರೆ" ಅಂದುಕೊಂಡಿರುತ್ತಾಳೆ.

ಹೋಗುವಾಗಲೇ ಒಂದು ಚಾಪೆ, ಹೊದಿಕೆ ತೆಗೆದುಕೊಂಡು ಹೋಗಿ, ಒಳಗಿನ ಒಂದು ಕೋಣೆಯಲ್ಲಿ ಮಲಗಿಸಿ. ಹಾಲ್‌ನವರನ್ನು ಕೇಳಿದರೆ ಜಾಗ ಕೊಡುತ್ತಾರೆ. ಕಾರಿನಲ್ಲೇ ಮಲಗಬೇಕು ಅಂತಾದರೆ ನಾಲ್ಕೂ ಬಾಗಿಲು ತೆರೆದಿಟ್ಟು, ದೊಡ್ಡವರೊಬ್ಬರು ಪಕ್ಕದಲ್ಲೇ ಕೂರಬೇಕು. "ಅಕ್ಕ ಇದ್ದಾಳಲ್ಲ" ಅಂತ ಎಂಟು ವರ್ಷದವಳನ್ನು ಕಾವಲಿಗೆ ಕೂರಿಸಬೇಡಿ. ಬಿಸಿ ಏರಿದರೆ ಅವಳೂ ತತ್ತರಿಸುತ್ತಾಳೆ. ಮಡಿಕೇರಿ ದಸರಾದ ರಾತ್ರಿ ಬಿಸಿಲಿನ ಭಯವಿಲ್ಲ ನಿಜ. ಆದರೆ ದಶಮಂಟಪ ನೋಡಲು ಬಂದ ಜನರ ನಡುವೆ ಕಾರಿಗೆ ವಾಪಸ್ ಬರಲು ಎಷ್ಟು ಹೊತ್ತಾಗುತ್ತದೆ ಅಂತ ಯಾರೂ ಹೇಳಲಾರರು. ಕತ್ತಲಲ್ಲಿ ಒಬ್ಬನೇ ಎಚ್ಚರವಾದ ಮಗುವಿನ ಗತಿ ಏನು?

ದೊಡ್ಡ ಮಕ್ಕಳ ವಿಷಯ ಸ್ವಲ್ಪ ಬೇರೆ. ಹನ್ನೆರಡು ದಾಟಿದ, ಬಾಗಿಲು ತೆಗೆದುಕೊಂಡು ಹೊರಗೆ ಬರಲು ಗೊತ್ತಿರುವ ಹುಡುಗ ನೆರಳಿನಲ್ಲಿ ಹತ್ತು ನಿಮಿಷ ಕೂತರೆ ನಾನು ಆಕ್ಷೇಪಿಸುವುದಿಲ್ಲ. ಗಾಜು ಪೂರ್ತಿ ಇಳಿಸಿರಬೇಕು, ಕೀ ನಿಮ್ಮ ಹತ್ತಿರ ಇರಬೇಕು, ಮುಂದಿನ ಸೀಟಿಗೆ ಹೋಗಬಾರದು. ತಿತಿಮತಿಯಂಥ ಕಾಡಿನ ರಸ್ತೆಯಲ್ಲಿ ಮಾತ್ರ ಯಾವ ವಯಸ್ಸಿನವರನ್ನೂ ಬಿಟ್ಟು ಇಳಿಯಬೇಡಿ. ಅಲ್ಲಿ ಆನೆ ಬರುತ್ತದೆ.

ಹಂತ 4: ಅಂಗಳದಲ್ಲಿ ನಿಂತ ಕಾರು

ಮೇಲೆ ಹೇಳಿದ ಅಮೆರಿಕದ ಮಕ್ಕಳಲ್ಲಿ ಸುಮಾರು ಕಾಲು ಭಾಗ ಮಕ್ಕಳನ್ನು ಯಾರೂ ಕಾರಿನಲ್ಲಿ ಬಿಟ್ಟಿರಲಿಲ್ಲ. ಅವರೇ ಆಟಕ್ಕೆ ಹತ್ತಿ ಸಿಕ್ಕಿಹಾಕಿಕೊಂಡಿದ್ದರು. ತೋಟದ ಮನೆಯ ಅಂಗಳ, ತೋಟದ ಕೆಲಸಗಾರರ ಲೈನ್‌ಮನೆಗಳ ಮುಂದೆ ಜೀಪು, ಪಿಕಪ್, ಕಾರು ಲಾಕ್ ಇಲ್ಲದೆ ನಿಂತಿರುತ್ತವೆ. ಕೊಯ್ಲಿನ ದಿನಗಳಲ್ಲಿ ದೊಡ್ಡವರೆಲ್ಲ ತೋಟದಲ್ಲಿರುತ್ತಾರೆ, ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರುತ್ತಾರೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದ್ದರೆ ಒಳಗೆ ಹೋದ ಮಗುವಿಗೆ ಆ ಬಾಗಿಲು ತೆಗೆಯಲು ಬರುವುದಿಲ್ಲ. ಆದ್ದರಿಂದ ಖಾಲಿ ಗಾಡಿಯೂ ಲಾಕ್ ಆಗಿರಬೇಕು, ಡಿಕ್ಕಿ ಮುಚ್ಚಿರಬೇಕು, ಕೀ ಎತ್ತರದ ಮೊಳೆಗೆ ಹೋಗಬೇಕು. ಡ್ರೈವರ್‌ಗೆ, ಮೇಸ್ತ್ರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಮಗು ಕಾಣಲಿಲ್ಲ ಅಂದರೆ ಮೊದಲು ಕೆರೆ, ಬಾವಿ ನೋಡಿ, ಅದರ ಜೊತೆಗೇ ಗಾಡಿಗಳನ್ನೂ ಡಿಕ್ಕಿ ಸಮೇತ ನೋಡಿ. ಕಾರಿನಲ್ಲಿ ಸಿಕ್ಕಿಹಾಕಿಕೊಂಡರೆ ಹಾರ್ನ್ ಒತ್ತಬೇಕು ಅಂತ ಮಕ್ಕಳಿಗೆ ತೋರಿಸಿಕೊಡಿ. ಕೀ ಇಲ್ಲದಾಗಲೂ ನಿಮ್ಮ ಗಾಡಿಯ ಹಾರ್ನ್ ಆಗುತ್ತದಾ ಅಂತ ಇವತ್ತೇ ಒತ್ತಿ ನೋಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 126ನೇ ಕಲಂ ಪ್ರಕಾರ, ಲೈಸೆನ್ಸ್ ಇರುವವರು ಡ್ರೈವರ್ ಸೀಟಿನಲ್ಲಿ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಗಾಡಿ ತಾನಾಗಿ ಚಲಿಸದಂತೆ ಮಾಡಿರಬೇಕು. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ, ಮಗುವಿನ ಹೊಣೆ ಹೊತ್ತವರು ಅದಕ್ಕೆ ನೋವಾಗುವಂತೆ ಬೇಕಂತಲೇ ನಿರ್ಲಕ್ಷ್ಯ ಮಾಡಿದರೆ ಶಿಕ್ಷೆ ಹೇಳುತ್ತದೆ.

ಬೇರೆಯವರ ಮಗು ಕಾರಿನೊಳಗೆ ಕಂಡರೆ

ನೋಡಿ ಮುಂದೆ ಹೋಗಬೇಡಿ. ಗಾಜು ತಟ್ಟಿ, ಮಗು ಪ್ರತಿಕ್ರಿಯೆ ಕೊಡುತ್ತದಾ ನೋಡಿ. ಚೆನ್ನಾಗಿದ್ದರೆ ಅಲ್ಲೇ ನಿಂತು, ಜೊತೆಗಿದ್ದವರನ್ನು ಅಕ್ಕಪಕ್ಕದ ಅಂಗಡಿಗಳಿಗೆ ಕಳಿಸಿ, ಕಾರಿನ ನಂಬರ್ ಕೂಗಿ ಹೇಳಿಸಿ. ರಾಜಾಸೀಟ್, ಅಬ್ಬಿ ಫಾಲ್ಸ್ ಕಡೆಯ ಪ್ರವಾಸಿ ಗಾಡಿಯಾದರೆ ಒಡೆಯರು ದೂರ ಹೋಗಿರುತ್ತಾರೆ, ತಡಮಾಡದೆ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಮಗು ಕೆಂಪಾಗಿ, ಮಂಕಾಗಿ, ವಾಂತಿ ಮಾಡಿ ಅಥವಾ ಕರೆದರೂ ಏಳದೆ ಇದ್ದರೆ ಕಾಯಬೇಡಿ. ಬಾಗಿಲು ಎಲ್ಲೂ ತೆರೆಯದಿದ್ದರೆ ಮಗುವಿನಿಂದ ದೂರ ಇರುವ ಪಕ್ಕದ ಕಿಟಕಿಯ ಗಾಜನ್ನು ಒಡೆಯಿರಿ. ಮುಂದಿನ ದೊಡ್ಡ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ಗಾಜಿನ ನಡುವೆ ಹೊಡೆಯುವ ಬದಲು ಮೂಲೆಗೆ, ವೀಲ್ ಸ್ಪ್ಯಾನರಿನಂಥ ಗಟ್ಟಿ ಚೂಪಿನ ವಸ್ತುವಿನಿಂದ ಹೊಡೆಯಿರಿ. ಸುತ್ತ ಇರುವವರನ್ನು ಸಾಕ್ಷಿಗೆ ಕರೆಯಿರಿ.

ಹೊರಗೆ ತೆಗೆದ ಮಗುವನ್ನು ನೆರಳಿಗೆ ಒಯ್ಯಿರಿ. ಬಟ್ಟೆ ಬಿಚ್ಚಿ, ಮೈಗೆಲ್ಲ ತಣ್ಣೀರು ಹಾಕಿ, ಗಾಳಿ ಬೀಸಿ. ಮಂಪರಿನಲ್ಲಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. 108ಕ್ಕೆ ಹೇಳಿ, ಆದರೆ ತೋಟದ ದಾರಿಗಳಲ್ಲಿ ಆಂಬುಲೆನ್ಸ್ ಬರಲು ಹೊತ್ತಾಗಬಹುದು, ಅಲ್ಲಿಯವರೆಗೆ ತಣಿಸುವುದನ್ನು ನಿಲ್ಲಿಸಬೇಡಿ. ಗಾಡಿಯಲ್ಲಿ ಕರೆದುಕೊಂಡು ಹೋಗುವುದಾದರೆ ಗಾಜು ಇಳಿಸಿ, ದಾರಿಯುದ್ದಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆ, ವಿರಾಜಪೇಟೆ ಮತ್ತು ಸೋಮವಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ಅಪ್ಪ ಅಮ್ಮ ಓಡಿ ಬಂದರೆ ಬೈದು ಹೊತ್ತು ಕಳೆಯಬೇಡಿ. ಮಗು ಕಣ್ಣು ಬಿಟ್ಟು ಅಳಲು ಶುರು ಮಾಡಿದರೂ, ಸರಿಹೋಯಿತು ಅಂತ ಮನೆಗೆ ಕರೆದುಕೊಂಡು ಹೋಗಲು ಬಿಡದೆ ಡಾಕ್ಟರಿಗೆ ತೋರಿಸಲು ಹೇಳಿ. ಮೈಬಿಸಿಯಿಂದ ಒಳಗಿನ ಅಂಗಗಳಿಗೆ ಆದ ಪೆಟ್ಟು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.