ನಲ್ಲಿ ಬಂತು, ನೀರು ಬಂತೇ? ಮಾದರಿ ಸಮೀಕ್ಷೆ ಮಾಡುವ ಬಗೆ

ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಅಂದಿನಿಂದ ಈ ಭಾಗಕ್ಕೆ ಯೋಜನೆಗಳು ಒಂದರ ಹಿಂದೊಂದು ಬಂದಿವೆ, ಅವುಗಳ ಬೆನ್ನಿಗೆ ಸಮೀಕ್ಷೆಯ ತಂಡಗಳೂ ಬಂದಿವೆ. ಕಲಬುರಗಿ, ಯಾದಗಿರಿ ಸುತ್ತ ಇಂತಹ ತಂಡಗಳನ್ನು ನೋಡುತ್ತಲೇ ಇದ್ದೇನೆ. ಜೀಪು ಬಸ್ ನಿಲ್ದಾಣದ ಬಳಿ ನಿಲ್ಲುತ್ತದೆ, ಪಂಚಾಯಿತಿ ಕಚೇರಿಯಲ್ಲಿ ಚಹಾ ಆಗುತ್ತದೆ, ಅಲ್ಲಿಂದ ಕಣ್ಣಿಗೆ ಬೀಳುವ ಮನೆಗಳಲ್ಲೇ ಪ್ರಶ್ನಾವಳಿ ತುಂಬಿ ಮುಗಿಯುತ್ತದೆ. ಆಮೇಲೆ ಎಷ್ಟು ಬಣ್ಣದ ಗ್ರಾಫ್ ಬರೆದರೂ ಅದು ಬಸ್ ನಿಲ್ದಾಣದ ವರದಿಯೇ. ಮನೆ ಆರಿಸುವಾಗ ಕೆಟ್ಟ ಕೆಲಸವನ್ನು ಯಾವ ಸೂತ್ರವೂ ಸರಿಪಡಿಸದು.

ಜಲಜೀವನ ಮಿಷನ್ ಮಾದರಿಯ ನಲ್ಲಿ ಯೋಜನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 1: ಪ್ರಶ್ನೆ

ಪೈಪು ಎಷ್ಟು ಕಿಲೋಮೀಟರ್ ಹಾಕಲಾಯಿತು ಎಂಬುದು ಗುತ್ತಿಗೆದಾರರ ಬಿಲ್ಲಿನಲ್ಲೇ ಇರುತ್ತದೆ. ನಿಮಗೆ ಬೇಕಾದದ್ದು ತಲೆಗೆ ದಿನಕ್ಕೆ 55 ಲೀಟರ್ ಬರುತ್ತಿದೆಯೇ ಎಂಬುದು. 'ನೀರು ಚೆನ್ನಾಗಿ ಬರುತ್ತದೆಯೇ' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. 'ನಿನ್ನೆ ನಲ್ಲಿಯಲ್ಲಿ ನೀರು ಬಂತೇ, ಎಷ್ಟು ಕೊಡ ತುಂಬಿತು' ಎಂದು ಕೇಳಿ, ಆ ಮನೆಯ ಕೊಡ ಎಷ್ಟು ಲೀಟರಿನದೆಂದೂ ಅಳೆಯಿರಿ. ಬೇರೆ ರಾಜ್ಯದಿಂದ ತಂದ ಸಿದ್ಧ ಪ್ರಶ್ನಾವಳಿಗಳಿಗೆ ದುಡ್ಡು ಸುರಿಯಬೇಡಿ.

ಹಂತ 2: ಎಷ್ಟು ಮನೆ?

ಶೇ. 95 ವಿಶ್ವಾಸದಲ್ಲಿ, ಅಂದರೆ ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ, ಉತ್ತರ ಶೇ. 5ರಷ್ಟು ಮಾತ್ರ ಆಚೀಚೆ ಇರಬೇಕೆಂದರೆ 384 ಮನೆ ಸಾಕು. ತಾಲ್ಲೂಕಾದರೂ ಜಿಲ್ಲೆಯಾದರೂ ಈ ಸಂಖ್ಯೆ ಹೆಚ್ಚು ಬದಲಾಗದು. ಅಂತರ್ಜಾಲದ ಉಚಿತ ಲೆಕ್ಕಯಂತ್ರಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅವು ಕೊಡುವ ಲೆಕ್ಕ ಇಡೀ ಜಿಲ್ಲೆಯ ಮನೆಗಳನ್ನು ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತುವುದಕ್ಕೆ. ನಾವು ಮೊದಲು ಊರು, ಆಮೇಲೆ ಮನೆ ಆರಿಸುತ್ತೇವೆ. ಒಂದೇ ಟ್ಯಾಂಕಿನ ನೀರು ಕುಡಿಯುವ ಇಪ್ಪತ್ತು ಮನೆಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ 384ನ್ನು ಕನಿಷ್ಠ ಎರಡು ಪಟ್ಟು ಮಾಡಿ. ಊರು ಹೆಚ್ಚಿಸಿ, ಊರಿಗೆ ಹತ್ತೇ ಮನೆ ಇಟ್ಟುಕೊಳ್ಳಿ. 80 ಊರು, 800 ಮನೆ. ಡೀಸೆಲ್ ಖರ್ಚು ಹೆಚ್ಚಾಗುತ್ತದೆ, ಆಗಲಿ.

ಹಂತ 3: ಆರಿಸುವುದು

ಮೊದಲು ಊರುಗಳ ಪಟ್ಟಿ. 2011ರ ಜನಗಣತಿಯ ಗ್ರಾಮಪಟ್ಟಿ ಇಳಿಸಿಕೊಂಡು ಶುರು ಮಾಡುವುದು ಎಲ್ಲರೂ ಹಿಡಿಯುವ ಒಳದಾರಿ. ನೀವು ಹಿಡಿಯಬೇಡಿ. ಅದರಲ್ಲಿ ಎಷ್ಟೋ ತಾಂಡಾಗಳು ಮೂಲ ಗ್ರಾಮದ ಲೆಕ್ಕದೊಳಗೆ ಮುಚ್ಚಿಹೋಗಿವೆ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿದೆ. ಅಲ್ಲಿನ ಕುಟುಂಬಗಳಿಗೆ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟದ್ದು 2023ರ ಜನವರಿಯಲ್ಲಿ. ಕೊನೆಯ ನಲ್ಲಿಗೆ ನೀರು ತಲುಪದಿರುವ ಸಾಧ್ಯತೆ ಹೆಚ್ಚಿರುವುದು ಇಂತಹ ಕಡೆಯೇ. ತಾಂಡಾ, ದೊಡ್ಡಿ, ಹೊಸ ಬಡಾವಣೆ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಪ್ರತಿ ಊರಿನ ಮುಂದೆ ಮನೆಗಳ ಸಂಖ್ಯೆ, ಅದರ ಪಕ್ಕದಲ್ಲಿ ಕೂಡುತ್ತಾ ಹೋದ ಮೊತ್ತ ಬರೆಯಿರಿ. ಮೊದಲ ನಾಲ್ಕು ಊರುಗಳಲ್ಲಿ 210, 340, 95, 480 ಮನೆಗಳಿದ್ದರೆ ಕೂಡುಮೊತ್ತ 210, 550, 645, 1,125. ಕೊನೆಗೆ ಒಟ್ಟು 40,000 ಬಂತೆನ್ನಿ. ಅದನ್ನು 80ರಿಂದ ಭಾಗಿಸಿದರೆ 500. ಇದು ನಿಮ್ಮ ಅಂತರ. ಈಗ 1ರಿಂದ 500ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಬೇಕು. ಎಕ್ಸೆಲ್‌ನಲ್ಲಿ ಎತ್ತಿದರೆ ಅದು ಹಾಳೆ ಮುಟ್ಟಿದಾಗಲೆಲ್ಲ ಬದಲಾಗುತ್ತದೆ, ಕೂಡಲೇ ಕಾಗದದ ಮೇಲೆ ಬರೆದುಕೊಳ್ಳಿ. ನನಗಂತೂ ಜೇಬಿನ ನೋಟಿನ ಕೊನೆಯ ಮೂರಂಕಿಯೇ ಇಷ್ಟ. 500 ಮೀರಿದರೆ ಇನ್ನೊಂದು ನೋಟು ತೆಗೆಯಿರಿ. 173 ಬಂದರೆ ಮೊದಲ ಊರು ಆಯ್ಕೆಯಾಯಿತು. 500 ಕೂಡಿಸಿದರೆ 673. ಅದು ನಾಲ್ಕನೆಯ ಊರಿನೊಳಗೆ ಬೀಳುತ್ತದೆ. ನಡುವಿನ ಎರಡು ಊರುಗಳು ಹೋದವು. ಮುಂದೆ 1,173, ಹೀಗೇ ಕೊನೆಯವರೆಗೆ. ದೊಡ್ಡ ಊರು ಎರಡು ಸಲ ಬಿದ್ದರೆ ಅಲ್ಲಿ ಇಪ್ಪತ್ತು ಮನೆ. ಹೀಗೆ ಮಾಡಿದರೆ ಪಟ್ಟಿಯ ಯಾವ ಮನೆಗಾದರೂ ಸಿಗುವುದು ಐವತ್ತರಲ್ಲಿ ಒಂದು ಅವಕಾಶ. ಅಧ್ಯಕ್ಷರ ಮನೆಗೂ ಅಷ್ಟೇ, ಊರ ಹೊರಗಿನ ಗುಡಿಸಲಿಗೂ ಅಷ್ಟೇ.

ಊರೊಳಗೆ ಮನೆಪಟ್ಟಿಗೆ ಅಂಗನವಾಡಿ ಕಾರ್ಯಕರ್ತೆಯ ಬಳಿ ಹೋಗಿ. ಪಂಚಾಯಿತಿಯ ತೆರಿಗೆ ಪುಸ್ತಕಕ್ಕಿಂತ ಅವರ ಕುಟುಂಬ ರಿಜಿಸ್ಟರ್ ಮೇಲು. ಅವರ ಜೊತೆ ಕೇರಿಯ ಕೊನೆಯವರೆಗೂ ನಡೆದು ಬಿಟ್ಟ ಮನೆಗಳನ್ನು ಸೇರಿಸಿ. ಆಮೇಲೆ ಇಲ್ಲೂ ಅದೇ ಅಂತರದ ಲೆಕ್ಕ.

ತಂಡಗಳು ಎಡವುವುದು ಬೀಗ ಹಾಕಿದ ಮನೆಯ ಮುಂದೆ. ಬೀಗ ಕಂಡ ತಕ್ಷಣ ಪಕ್ಕದ ಮನೆಯ ಬಾಗಿಲು ತಟ್ಟುತ್ತಾರೆ. ಮಾಡಲೇಬಾರದು! ಹಗಲು ಮನೆಯಲ್ಲಿರುವವರಿಗೂ ಹೊಲಕ್ಕೆ ಹೋದವರಿಗೂ ನೀರಿನ ಅನುಭವ ಬೇರೆ. ಸಂಜೆ ಒಮ್ಮೆ, ಮರುದಿನ ಬೆಳಕು ಹರಿಯುವ ಮುನ್ನ ಒಮ್ಮೆ ಹೋಗಿ. ಆಗಲೂ ಸಿಗದಿದ್ದರೆ 'ಬೀಗ' ಎಂದೂ, ಕಾರಣ ಗೊತ್ತಾದರೆ 'ಗುಳೆ: ಪುಣೆ' ಎಂದೂ ಬರೆಯಿರಿ. ಆ ಸಂಖ್ಯೆ ವರದಿಯಲ್ಲಿ ಕಾಣಬೇಕು. ತೊಗರಿ ರಾಶಿ ಮುಗಿದ ಮೇಲೆ ತಾಂಡಾಗಳಲ್ಲಿ ಬೀಗಗಳೇ ಹೆಚ್ಚು. ಅದು ಗೊತ್ತಿದ್ದೂ ಮಾರ್ಚ್ ಕೊನೆಗೆ ಅನುದಾನ ಮುಗಿಸಲೆಂದು ಸಮೀಕ್ಷೆ ಇಟ್ಟುಕೊಳ್ಳುವವರಿಗೆ ಏನು ಹೇಳುವುದು!

ಹಂತ 4: ದತ್ತಾಂಶ

ಕೋಬೋ ಎಂಬ ಉಚಿತ ಆ್ಯಪ್ ಸಾಕು. ಗುರುಮಠಕಲ್ ಕಡೆ ತೆಲುಗು, ಔರಾದ್ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ ಬಲ್ಲವರು ತಂಡದಲ್ಲಿರಲಿ. ಹತ್ತರಲ್ಲಿ ಒಂದು ಮನೆಗೆ ಬೇರೊಬ್ಬರು ಮತ್ತೆ ಹೋಗಿ ಪರಿಶೀಲಿಸಲಿ. ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸಿ ಫಲಿತಾಂಶ ಹೋಲಿಸುತ್ತಿದ್ದರು. ಹಣವಿದ್ದರೆ ಅದೇ ಉತ್ತಮ.

ಹಂತ 5: ಹೋಲಿಕೆ

ಯೋಜನೆಗೆ ಮುಂಚೆ ಏಪ್ರಿಲ್‌ನಲ್ಲಿ, ನಂತರ ಸೆಪ್ಟೆಂಬರ್‌ನಲ್ಲಿ ಅಳೆದರೆ ಮಳೆರಾಯನ ಸಾಧನೆ ಯೋಜನೆಯ ಖಾತೆಗೆ ಜಮೆಯಾಗುತ್ತದೆ. ಎರಡೂ ಸುತ್ತು ಒಂದೇ ಋತುವಿನಲ್ಲಿರಲಿ, ಯೋಜನೆ ಇನ್ನೂ ತಲುಪದ ಊರುಗಳಲ್ಲೂ ಅಷ್ಟೇ ಮನೆ ಅಳೆಯಿರಿ. ಯೋಜನೆಯ ಊರುಗಳಲ್ಲಿ ಸಾಕಷ್ಟು ನೀರು ಸಿಗುವ ಮನೆಗಳು ಶೇ. 30ರಿಂದ 55ಕ್ಕೆ, ಉಳಿದ ಊರುಗಳಲ್ಲಿ ಶೇ. 32ರಿಂದ 48ಕ್ಕೆ ಏರಿದವು ಎನ್ನಿ. ಏರಿಕೆ 25 ಮತ್ತು 16. ಯೋಜನೆಯ ಪಾಲಿಗೆ ಉಳಿಯುವುದು 9 ಅಂಶ. '25 ಅಂಶ ಹೆಚ್ಚಳ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವರನ್ನು ನೋಡಿದ್ದೇನೆ.

ಆ 9 ಕೂಡ ಗಟ್ಟಿಯಲ್ಲ. ನಾಲ್ಕು ಅಂದಾಜುಗಳಲ್ಲಿ ಪ್ರತಿಯೊಂದೂ 5 ಅಂಶ ಆಚೀಚೆ ಇದ್ದರೆ, ಅವುಗಳಿಂದ ಕಳೆದು ತೆಗೆದ ಉತ್ತರ ಸುಮಾರು 10 ಅಂಶ ಆಚೀಚೆ ಇರುತ್ತದೆ. ಅಂದರೆ ಈ ಏರಿಕೆ ಯೋಜನೆಯಿಂದಲೇ ಆಯಿತೆಂದು ಬರೆಯುವಂತಿಲ್ಲ. ಎರಡೂ ಸುತ್ತಿನಲ್ಲಿ ಅದೇ ಮನೆಗಳಿಗೆ ಹೋದರೆ ಈ ದೋಷ ಸಾಮಾನ್ಯವಾಗಿ ತಗ್ಗುತ್ತದೆ. ಅದಕ್ಕಾಗಿ ಮೊದಲ ಸುತ್ತಿನಲ್ಲೇ ಪ್ರತಿ ಮನೆಯ ಜಿಪಿಎಸ್ ಗುರುತು ತೆಗೆದಿಡಿ, ಗೋಡೆಯ ಸೀಮೆಸುಣ್ಣದ ನಂಬರನ್ನು ನೆಚ್ಚಬೇಡಿ.